ಲಕ್ಷ್ಮೀಬಾಯಿ ತಿಲಕರ ‘ಸ್ಮೃತಿಚಿತ್ರೇ’: ಒಲೆಯ ಮುಂದಿನ ಶ್ರದ್ಧೆ

ಮತಾಂತರ ಹೊಂದಿದವರು ಬರೆದ ಆತ್ಮಕಥೆಗಳಿಗೆ ಬಹುಮಟ್ಟಿಗೆ ಒಂದೇ ಎರಕ. ಮೊದಲು ಕತ್ತಲೆ, ನಡುವೆ ಒಂದು ಮಿಂಚು, ಆಮೇಲೆ ಕೊನೆಯವರೆಗೂ ಬೆಳಕು. ಬೆಳಗಾವಿಯಲ್ಲಿ 1831ರಲ್ಲಿ ಹುಟ್ಟಿದ ಬಾಬಾ ಪದಮನಜಿಯವರ ‘ಅರುಣೋದಯ’ವು ಹೆಸರಿನಲ್ಲಿಯೇ ಈ ಎರಕವನ್ನು ಒಪ್ಪಿಕೊಂಡಿದೆ. 1884ರಲ್ಲಿ ಪ್ರಕಟವಾದ ಆ ಗ್ರಂಥವು ಮರಾಠೀ ಗದ್ಯದ ಇತಿಹಾಸದಲ್ಲಿ ಗಣ್ಯವಾದುದೇ ಸರಿ. ಆದರೆ ಅದನ್ನು ಓದಿ ಮುಗಿಸಿದಾಗ ನಮ್ಮ ಕೈಗೆ ಸಿಕ್ಕುವುದು ಒಂದು ವಾದ. ಆ ವಾದವನ್ನು ಒಪ್ಪಬಹುದು, ಬಿಡಬಹುದು. ಲಕ್ಷ್ಮೀಬಾಯಿ ತಿಲಕರ ‘ಸ್ಮೃತಿಚಿತ್ರೇ’ಯನ್ನು ಓದಿದವನಿಗೆ ಹಾಗೆ ಒಪ್ಪುವ ಅಥವಾ ಬಿಡುವ ಸ್ವಾತಂತ್ರ್ಯ ಉಳಿಯುವುದಿಲ್ಲ. ಅಲ್ಲಿ ವಾದವೇ ಇಲ್ಲ. ಒಬ್ಬ ಹೆಣ್ಣುಮಗಳ ಬಾಳು ಇದೆ.

ಕನ್ನಡ ಸಂಘದ ಪತ್ರಿಕೆಯಲ್ಲಿ ಮರಾಠೀ ಗ್ರಂಥದ ವಿಮರ್ಶೆಯೇಕೆಂದು ಕೇಳುವವರು ಇದ್ದಾರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ನಾವು ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ, ಕಚೇರಿಯಲ್ಲಿ ಮರಾಠಿಯನ್ನೂ ಆಡುತ್ತ ಬಂದವರು. ನೆರೆಯ ಭಾಷೆಯೊಡನೆ ನಮಗಿರುವ ಜಗಳ ಹಕ್ಕಿನದು; ಅದು ಅದರ ಸಾಹಿತ್ಯದೊಡನೆ ಅಲ್ಲ. ಅದೂ ಅಲ್ಲದೆ ಈ ಕೃತಿಯ ಅತ್ಯಂತ ನೋವಿನ ಪುಟಗಳು ನಡೆಯುವುದು ನಮ್ಮ ಜಿಲ್ಲೆಯ ಪಂಢರಪುರದಲ್ಲಿ. ಜ್ಞಾನದೇವರೇ ‘ಕನ್ನಡಿಗ’ನೆಂದು ಕರೆದ ವಿಠ್ಠಲನ ಊರಿನಲ್ಲಿ. ಪುರಂದರದಾಸರ ಅಂಕಿತವನ್ನು ನಿತ್ಯ ಉಚ್ಚರಿಸುವ ನಮಗೆ ಆ ಊರಿನಲ್ಲಿ ನಡೆದ ದುಃಖವು ಪರರ ದುಃಖವಾಗಲಾರದು.

‘ಸ್ಮೃತಿಚಿತ್ರೇ’ಯು 1934ರಿಂದ 1936ರ ಅವಧಿಯಲ್ಲಿ ನಾಲ್ಕು ಭಾಗಗಳಾಗಿ ಹೊರಬಂದಿತು. ಆ 1936ರಲ್ಲಿಯೇ ಲಕ್ಷ್ಮೀಬಾಯಿಯವರು ತೀರಿಕೊಂಡರು. ಅಂದಿನಿಂದ ಮಹಾರಾಷ್ಟ್ರದಲ್ಲಿ ಈ ಗ್ರಂಥಕ್ಕೆ ದೊರೆತ ಮನ್ನಣೆ ಅಲ್ಪವಾದುದಲ್ಲ. ಆದರೂ ಇದನ್ನು ಓದುವವರು ಎರಡು ಪಂಗಡವಾಗಿ ಒಡೆದಿದ್ದಾರೆಂದು ನನಗೆ ತೋರುತ್ತದೆ. ಒಂದು ಪಂಗಡದವರು ಇದರ ವಿನೋದವನ್ನು, ಮನೆಮಾತಿನ ಸೊಗಸನ್ನು ಬಾಯ್ತುಂಬ ಹೊಗಳಿ, ಕ್ರಿಸ್ತಶ್ರದ್ಧೆಯ ಮಾತು ಬಂದ ಕೂಡಲೆ ಸೌಜನ್ಯದಿಂದ ಪುಟ ಮಗುಚುತ್ತಾರೆ. ಇನ್ನೊಂದು ಪಂಗಡದವರು ಇದನ್ನು ಸಾಕ್ಷಿಯ ಪುಸ್ತಕವೆಂದು ಎತ್ತಿಹಿಡಿದು, ಆ ಸಾಕ್ಷಿ ನುಡಿದವಳು ಗಂಡನ ಕೈಯಲ್ಲಿ ಪಟ್ಟ ಪಾಡನ್ನು ದೇವರ ಸಂಕಲ್ಪದ ಹೆಸರಿನಲ್ಲಿ ಮುಚ್ಚಿಬಿಡುತ್ತಾರೆ. ಈ ಎರಡು ರೀತಿಯ ಓದಿನಿಂದಲೂ ಕೃತಿಗೆ ಅನ್ಯಾಯವಾಗಿದೆ. ಇಲ್ಲಿ ವಿನೋದ, ಸಂಕಟ, ಶ್ರದ್ಧೆಗಳು ಮೂರು ಬೇರೆ ಪಾತ್ರೆಗಳಲ್ಲಿ ಇಟ್ಟ ಪದಾರ್ಥಗಳಲ್ಲ.

ಲಕ್ಷ್ಮೀಬಾಯಿ ಹುಟ್ಟಿದ್ದು 1868ರಲ್ಲಿ, ನಾಶಿಕದ ಬಳಿಯ ಜಲಾಲಪುರದ ಗೋಖಲೆಯವರ ಮನೆಯಲ್ಲಿ. ತವರಿನ ಹೆಸರು ಮನಕರ್ಣಿಕಾ. ಕರೆಯುವುದು ಮನೂ ಎಂದು. ತಾಯಿಯ ತಂದೆಯನ್ನು 1857ರ ದಂಗೆಯ ಸಂಬಂಧದಲ್ಲಿ ಗಲ್ಲಿಗೇರಿಸಲಾಗಿತ್ತು. ಆ ಆಘಾತದಿಂದ ಮನೂವಿನ ತಂದೆಯ ಚಿತ್ತವು ಮಡಿಯೊಂದನ್ನೇ ಹಿಡಿದು ಕುಳಿತಿತು. ಪೇಟೆಯಿಂದ ಬಂದ ಪ್ರತಿಯೊಂದು ಪದಾರ್ಥವೂ ನೀರು ಕಂಡೇ ಒಳಗೆ ಹೋಗಬೇಕು. ಉಪ್ಪು, ಸಕ್ಕರೆಗಳಿಗೂ ಬಿಡುಗಡೆಯಿಲ್ಲ. ತೊಳೆದ ಉಪ್ಪು ಏನಾದೀತು, ತೊಳೆದ ಸಕ್ಕರೆ ಎಲ್ಲಿ ಉಳಿದೀತು! ಓದುಗನು ನಗದೆ ಇರಲಾರ. ಆದರೆ ಆ ನಗೆಯ ಹಿಂದೆ ಒಂದು ಮನೆಯ ಹೆಂಗಸರೂ ಮಕ್ಕಳೂ ದಿನವಿಡೀ ನಡುಗುತ್ತ ನಿಂತಿದ್ದಾರೆ. ಭಯದಿಂದ ಹುಟ್ಟಿದ ಶುದ್ಧಿ ಹೇಗೆ ಮನೆಯ ಅನ್ನವನ್ನೇ ತಿಂದುಹಾಕುತ್ತದೆ ಎಂಬುದನ್ನು ಲೇಖಕಿ ಒಂದು ವಾಕ್ಯದಲ್ಲಿಯೂ ವಿವರಿಸುವುದಿಲ್ಲ. ಉಪ್ಪು ಕರಗಿದ್ದನ್ನು ತೋರಿಸಿ ಸುಮ್ಮನಾಗುತ್ತಾರೆ.

ಈ ಪ್ರಕರಣವನ್ನು ಬಾಲ್ಯದ ಒಂದು ತಮಾಷೆಯೆಂದು ಎಣಿಸಿದವರು ಮುಂದಿನ ಕಥೆಯ ಬೀಗದಕೈಯನ್ನು ಕಳೆದುಕೊಳ್ಳುತ್ತಾರೆ. ಈ ಹೆಣ್ಣುಮಗಳ ಪಾಲಿಗೆ ಧರ್ಮವೆಂದರೆ ತತ್ತ್ವವಲ್ಲ, ಗ್ರಂಥವಲ್ಲ. ಯಾರ ಕೈಯ ನೀರು ಕುಡಿಯಬೇಕು, ಯಾರದನ್ನು ಕುಡಿಯಬಾರದು ಎಂಬುದು. ಆದುದರಿಂದ ಅವರ ಬಾಳಿನಲ್ಲಿ ಧರ್ಮದ ಪಲ್ಲಟವೂ ನೀರಿನ ಕೊಡದಲ್ಲಿಯೇ ಆಗಬೇಕಾಗಿತ್ತು.

ಹನ್ನೊಂದನೆಯ ವಯಸ್ಸಿನಲ್ಲಿ ಮದುವೆ. ಗಂಡ ನಾರಾಯಣ ವಾಮನ ತಿಲಕ. ಮುಂದೆ ಹೂವಿನ ಕವಿಯೆಂದು ಮರಾಠಿಯಲ್ಲಿ ಹೆಸರಾದವರು. ಈ ಗ್ರಂಥದಲ್ಲಿ ತಿಲಕರ ಚಿತ್ರವೇ ಎಲ್ಲಕ್ಕಿಂತ ದೊಡ್ಡದು. ಆಧುನಿಕ ಭಾರತೀಯ ಸಾಹಿತ್ಯದಲ್ಲಿ ಹೆಂಡತಿಯೊಬ್ಬಳು ಗಂಡನನ್ನು ಇಷ್ಟು ನಿರ್ದಾಕ್ಷಿಣ್ಯವಾಗಿಯೂ ಇಷ್ಟು ಪ್ರೀತಿಯಿಂದಲೂ ಚಿತ್ರಿಸಿದ ಇನ್ನೊಂದು ಉದಾಹರಣೆ ನನ್ನ ಓದಿನಲ್ಲಿ ಇಲ್ಲ. ಕೈಯಲ್ಲಿ ಬಂದ ಹಣ ಕಂಡವರ ಪಾಲು. ಮನೆಯ ಕಾಳುಕಡ್ಡಿಯ ಚಿಂತೆ ಇಲ್ಲ. ಸಿಟ್ಟು ಬಂದರೆ ಹೇಳದೆ ಕೇಳದೆ ಮನೆ ಬಿಟ್ಟು ನಡೆಯುವುದು, ಇಳಿದರೆ ಮಗುವಿನಂತೆ ಹಿಂದಿರುಗುವುದು. ಯಾವ ಊರಿನಲ್ಲಿಯೂ ಬೇರು ಬಿಡದ ಅಲೆದಾಟ. ಜಗತ್ತನ್ನೆಲ್ಲ ಪ್ರೀತಿಸುವ ಮಹನೀಯರ ಮನೆಯಲ್ಲಿ ಒಲೆ ಹೊತ್ತಿಸುವ ಹೊಣೆ ಯಾರದು? ಸಂತಚರಿತ್ರೆಗಳು ಸಾಮಾನ್ಯವಾಗಿ ಕೇಳದ ಈ ಪ್ರಶ್ನೆಯನ್ನು ಲಕ್ಷ್ಮೀಬಾಯಿ ಕೇಳುತ್ತಾರೆ. ಕೇಳುವಾಗ ಅವರ ಕೈಯಲ್ಲಿ ಊದುಗೊಳವೆ ಇರುತ್ತದೆ, ಲೇಖನಿಯಲ್ಲ. ನಮ್ಮ ಕಡೆಯ ಕೀರ್ತನಕಾರರು ತುಕಾರಾಮರ ಹೆಂಡತಿಯನ್ನು ಬಾಯಿಬಡಕಿಯೆಂದು ಚಿತ್ರಿಸಿ ಜನರನ್ನು ನಗಿಸುವುದುಂಟು. ಆ ಹೆಂಡತಿಯೇ ಕುಳಿತು ತುಕಾರಾಮಚರಿತ್ರೆಯನ್ನು ಬರೆದಿದ್ದರೆ ಹೇಗಿರುತ್ತಿತ್ತು? ‘ಸ್ಮೃತಿಚಿತ್ರೇ’ಯ ಮೊದಲ ಭಾಗ ಹಾಗಿದೆ.

1893ರಲ್ಲಿ ರಾಜನಾಂದಗಾಂವಿಗೆ ಹೋಗುವಾಗ ರೈಲಿನಲ್ಲಿ ಸಹಪ್ರಯಾಣಿಕನಾದ ಒಬ್ಬ ಐರೋಪ್ಯನು ತಿಲಕರಿಗೆ ಹೊಸ ಒಡಂಬಡಿಕೆಯ ಪ್ರತಿಯನ್ನು ಕೊಟ್ಟನು. ಪರ್ವತಪ್ರಸಂಗವು ಅವರನ್ನು ಹಿಡಿದು ನಿಲ್ಲಿಸಿತು. 1895ರ ಫೆಬ್ರುವರಿ 10ರಂದು ಮುಂಬಯಿಯಲ್ಲಿ ಅವರು ದೀಕ್ಷಾಸ್ನಾನ ಪಡೆದರು. ಇದೆಲ್ಲ ತಿಲಕರ ಚರಿತ್ರಕಾರರಿಗೆ ಬಹು ಮುಖ್ಯವಾದ ಸಂಗತಿ. ಈ ಗ್ರಂಥದಲ್ಲಿಯಾದರೋ ಅದು ತವರಿನಲ್ಲಿದ್ದ ಹೆಂಡತಿಯ ಮೇಲೆ ಬಂದೆರಗಿದ ಒಂದು ಸುದ್ದಿ ಮಾತ್ರ. ಗಂಡ ಬದುಕಿದ್ದಾನೆ, ಆದರೆ ಇಲ್ಲ. ಕುಂಕುಮ ಇದೆ, ಸೌಭಾಗ್ಯವಿಲ್ಲ. ಒಡಲಲ್ಲಿ ಕಟ್ಟಿಕೊಂಡ ಚಿಕ್ಕ ಮಗ ದತ್ತೂ ಒಬ್ಬನೇ ಆಸರೆ. ವಿಧವೆಗೆ ಶಾಸ್ತ್ರವು ಒಂದು ಮೂಲೆಯನ್ನಾದರೂ ಗೊತ್ತುಮಾಡಿತ್ತು. ಈಕೆಗೆ ಆ ಮೂಲೆಯೂ ಇರಲಿಲ್ಲ. ಮುಂದಿನ ನಾಲ್ಕೈದು ವರ್ಷಗಳ ಹೆಚ್ಚಿನ ಕಾಲವನ್ನು ಅವರು ಪಂಢರಪುರದಲ್ಲಿ, ಅಕ್ಕನ ಗಂಡ ಪೆಂಡಸೆಯವರ ಆಶ್ರಯದಲ್ಲಿ ಕಳೆದರು.

ಪಂಢರಪುರದ ಈ ಪುಟಗಳನ್ನು ನಾನು ಗ್ರಂಥದ ಹೃದಯವೆಂದು ಕರೆಯುತ್ತೇನೆ. ಸಾಧಾರಣ ಲೇಖಕಿಯಾಗಿದ್ದರೆ ಇಲ್ಲಿ ಕಣ್ಣೀರಿನ ಹೊಳೆ ಹರಿಸಬಹುದಾಗಿತ್ತು. ಅಥವಾ ಮುಂದೆ ಸಿಕ್ಕ ಹೊಸ ಶ್ರದ್ಧೆಯ ಎತ್ತರದಲ್ಲಿ ನಿಂತು, ಆ ದಿನಗಳ ಪೂಜೆ ಪುನಸ್ಕಾರಗಳನ್ನು ಅಜ್ಞಾನವೆಂದು ತಳ್ಳಿಹಾಕಬಹುದಾಗಿತ್ತು. ಲಕ್ಷ್ಮೀಬಾಯಿ ಎರಡನ್ನೂ ಮಾಡುವುದಿಲ್ಲ. ತನ್ನನ್ನು ಸಲಹಿದ ಬಂಧುಗಳನ್ನು ಅವರು ಕೃತಜ್ಞತೆಯಿಂದ ನೆನೆಯುತ್ತಾರೆ. ಆಗ ತಾನು ನಂಬಿದ್ದುದನ್ನು ಆಗಿನ ತನ್ನ ಕಣ್ಣಿನಿಂದಲೇ ನೋಡಿ ಬರೆಯುತ್ತಾರೆ. ಹಳೆಯ ತನ್ನನ್ನು ಹೊಸ ತನಗೆ ಬಲಿಗೊಡದಿರುವ ಈ ಪ್ರಾಮಾಣಿಕತೆಯು ಮತಾಂತರದ ಸಾಹಿತ್ಯದಲ್ಲಿ ವಿರಳ.

ಇಲ್ಲಿ ಬಹಿಣಾಬಾಯಿಯ ನೆನಪು ಬರುತ್ತದೆ. ಹದಿನೇಳನೆಯ ಶತಮಾನದ ಆ ಬ್ರಾಹ್ಮಣ ಸ್ತ್ರೀ ಶೂದ್ರರಾದ ತುಕಾರಾಮರನ್ನು ಗುರುವೆಂದು ಒಪ್ಪಿದುದಕ್ಕಾಗಿ ಗಂಡನಿಂದ ಏಟು ತಿಂದವಳು. ತನ್ನ ಕಥೆಯನ್ನು ಅಭಂಗಗಳಲ್ಲಿ ಹೇಳಿಕೊಂಡವಳು. ಅಲ್ಲಿ ಜಾತಿಯ ಗೆರೆಯನ್ನು ದಾಟಿದವಳು ಹೆಂಡತಿ, ತಡೆದವನು ಗಂಡ. ಇಲ್ಲಿ ದಾಟಿದವನು ಗಂಡ, ತಡೆದು ನಿಂತವಳು ಹೆಂಡತಿ. ಇನ್ನು ನಮ್ಮ ಅಕ್ಕಮಹಾದೇವಿಯಾದರೋ ದೇವರಿಗಾಗಿ ಗಂಡನನ್ನೇ ಬಿಟ್ಟು ನಡೆದವಳು. ಲಕ್ಷ್ಮೀಬಾಯಿಗೆ ಈ ಎರಡೂ ದಾರಿಗಳಿರಲಿಲ್ಲ. ಅವರು ಗಂಡನ ದೇವರನ್ನು ಒಪ್ಪದೆ ಗಂಡನ ಬಳಿಗೆ ಹಿಂದಿರುಗಿದರು. ಈ ನಡುವಣ ಸ್ಥಿತಿಯೇ ಅವರ ಅನುಭವದ ಅಪೂರ್ವತೆ.

ಅಹಮದನಗರದಲ್ಲಿ (ಈಗಿನ ಅಹಿಲ್ಯಾನಗರ) ಅವರು ಹೂಡಿದ ಸಂಸಾರವು ವಿಚಿತ್ರವಾದುದು. ಗಂಡ ಕ್ರೈಸ್ತ, ಹೆಂಡತಿ ಬ್ರಾಹ್ಮಣಿ. ಅವಳ ಒಲೆ ಬೇರೆ, ಅವಳ ನೀರು ಬೇರೆ. ತಿಲಕರನ್ನು ಇಲ್ಲಿ ಮೆಚ್ಚಲೇಬೇಕು. ಅಸಹನೆಯೇ ಸ್ವಭಾವವಾದ ಆ ಮನುಷ್ಯ ಈ ಒಂದು ವಿಷಯದಲ್ಲಿ ಮಾತ್ರ ಹೆಂಡತಿಯನ್ನು ಅವಸರಪಡಿಸಲಿಲ್ಲ. ಆಮೇಲೆ ರಾಹುರಿಯಲ್ಲಿ ಒಂದು ದಿನ ಲಕ್ಷ್ಮೀಬಾಯಿಯ ಮನಸ್ಸಿನಲ್ಲಿ ಒಂದು ವಿಚಾರ ಮೂಡುತ್ತದೆ. ದೇವರು ಪ್ರಾಣಿಗಳಲ್ಲಿ, ಪಕ್ಷಿಗಳಲ್ಲಿ ಜಾತಿಗಳನ್ನು ಮಾಡಿದಾಗ ಕಣ್ಣಿಗೆ ಕಾಣುವ ಭೇದವನ್ನು ಇಟ್ಟನು. ಮನುಷ್ಯರಲ್ಲಿ ಅವನು ಇಟ್ಟ ಭೇದ ಹೆಣ್ಣು ಗಂಡು ಎಂಬುದೊಂದೇ. ಹಾಗಾದರೆ ಉಳಿದ ಭೇದಗಳನ್ನು ಮಾಡಿದವರು ಯಾರು? ಆ ದಿನದಿಂದ ಅವರು ಯಾರ ಕೈಯ ಅನ್ನನೀರನ್ನೂ ನಿರಾಕರಿಸಲಿಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, ಈ ವಿಚಾರದಲ್ಲಿ ಕ್ರಿಸ್ತನ ಹೆಸರಿಲ್ಲ, ಪಾಪಪರಿಹಾರದ ಮಾತಿಲ್ಲ. ಶ್ರದ್ಧೆ ಅವರಲ್ಲಿ ಮೊದಲು ಕೊಡಕ್ಕೆ ಬಂದಿತು, ಆಮೇಲೆ ನಾಲಗೆಗೆ. ಉಪ್ಪನ್ನು ತೊಳೆದ ತಂದೆಯ ಮಗಳು ಈ ಹೆಜ್ಜೆಯನ್ನು ಇಡಲು ಎಷ್ಟು ದೂರ ನಡೆದಿರಬೇಕೆಂಬುದನ್ನು ಬಾಲ್ಯದ ಪುಟಗಳನ್ನು ಓದಿದವನು ಮಾತ್ರ ಅಳೆಯಬಲ್ಲ. ದೀಕ್ಷಾಸ್ನಾನವಾದುದು 1900ರಲ್ಲಿ, ಗಂಡನ ದೀಕ್ಷೆಗೆ ಐದು ವರ್ಷಗಳ ಅನಂತರ. ಕೃತಿಯ ದೃಷ್ಟಿಯಿಂದ ಅದು ಒಂದು ವಿಧಿ ಮಾತ್ರವಾಗಿದೆ. ನಿಜವಾದ ಸ್ನಾನ ಆಗಲೇ ಆಗಿಹೋಗಿತ್ತು.

ಆದ್ದರಿಂದಲೇ ಈ ಕೃತಿಯ ಇಂಗ್ಲಿಷ್ ಅನುವಾದಗಳ ಹೆಸರುಗಳ ಬಗೆಗೆ ನನ್ನ ತಕರಾರು. ಜೋಸೆಫೀನ್ ಇಂಕ್‌ಸ್ಟರ್ ಅವರು 1950ರಲ್ಲಿ ‘ಐ ಫಾಲೋ ಆಫ್ಟರ್’ ಎಂಬ ಹೆಸರಿನಿಂದ ಇದನ್ನು ಅನುವಾದಿಸಿದರು. ಹಿಂದೆ ಹಿಂದೆ ಬರುತ್ತಿದ್ದೇನೆ ಎಂದು ಅರ್ಥ. ಹಳೆಯ ಇಂಗ್ಲಿಷ್ ಬೈಬಲಿನಲ್ಲಿ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಈ ಮಾತು ಬರುತ್ತದೆ. ಇನ್ನೂ ಗುರಿ ಮುಟ್ಟಿಲ್ಲ, ಬೆನ್ನಟ್ಟುತ್ತಿದ್ದೇನೆ ಎಂಬ ಭಾವದಲ್ಲಿ. ಅನುವಾದಕಿಯ ಮನಸ್ಸಿನಲ್ಲಿ ಪೌಲನೇ ಇದ್ದಿರಬಹುದು. ಆದರೆ ಪತ್ರವನ್ನು ಬಲ್ಲದ ಓದುಗನು ಇದನ್ನು ಗಂಡನ ಹಿಂದೆ ನಡೆದ ಸತಿಯ ಮಾತೆಂದೇ ತಿಳಿಯುತ್ತಾನೆ. ಶಾಂತಾ ಗೋಖಲೆಯವರ 2017ರ ಅನುವಾದವು ಮೂಲದ ಹೆಸರನ್ನು ಉಳಿಸಿಕೊಂಡಿತು. ಆದರೂ ಅದರ ಉಪಶೀರ್ಷಿಕೆಯಲ್ಲಿ ‘ಹೆಂಡತಿ’ ಎಂಬ ಪದ ಬಂದು ಕುಳಿತಿದೆ. ಮೂಲದ ಹೆಸರಿನಲ್ಲಿ ಗಂಡನೂ ಇಲ್ಲ, ಹೆಂಡತಿಯೂ ಇಲ್ಲ; ನೆನಪಿನ ಚಿತ್ರಗಳು ಇವೆ. ಲಕ್ಷ್ಮೀಬಾಯಿ ಗಂಡನ ಮನೆಗೆ ಹಿಂಬಾಲಿಸಿ ಹೋದರು ನಿಜ. ಗಂಡನ ಶ್ರದ್ಧೆಗೆ ಹಿಂಬಾಲಿಸಿ ಹೋಗಲಿಲ್ಲ. ಅಲ್ಲಿಗೆ ಅವರು ಬೇರೆ ದಾರಿಯಿಂದ, ತಮ್ಮ ಕಾಲಿನಿಂದ ನಡೆದು ಮುಟ್ಟಿದರು. ತಿಲಕರಿಗೆ ದಾರಿ ಪರ್ವತಪ್ರಸಂಗ, ಇವರಿಗೆ ನೀರುಮನೆ.

ದೀಕ್ಷೆಯ ಬಳಿಕ ಬೆಳಕೇ ಬೆಳಕು ಎಂಬ ಎರಕವನ್ನು ಈ ಗ್ರಂಥವು ಮುರಿಯುವುದು ಇಲ್ಲಿಂದ ಮುಂದೆ. ಸಂಕಟಗಳು ಕಡಿಮೆಯಾಗಲಿಲ್ಲ, ಕೆಲವು ಹೆಚ್ಚಿದವು. ತಿಲಕರ ಸ್ವಭಾವವನ್ನು ಯಾವ ಸ್ನಾನವೂ ತಿದ್ದಲಿಲ್ಲ. 1899-1900ರ ಬರಗಾಲದ ಅನಾಥ ಮಕ್ಕಳು ಮನೆಗೆ ಬಂದರು. ಕರೆತಂದವರು ತಿಲಕರು, ಉಣಿಸಿದವರು ಲಕ್ಷ್ಮೀಬಾಯಿ. ಪ್ಲೇಗು ಬಂದಾಗ ರೋಗಿಗಳ ಶುಶ್ರೂಷೆಗೆ ನಿಂತರು. ಆ ಪ್ರಕರಣವನ್ನು ಓದುವಾಗ, ಸೇವೆ ತ್ಯಾಗ ಎಂಬ ದೊಡ್ಡ ಪದಗಳನ್ನು ಇವರು ಎಲ್ಲಿಯೋ ಮರೆತು ಬಂದಿದ್ದಾರೆಯೇ ಎನಿಸುತ್ತದೆ. ಹೆದರಿಕೆಯನ್ನು ಹೆದರಿಕೆಯೆಂದೇ ಹೇಳುತ್ತಾರೆ. ನಗಬೇಕಾದಲ್ಲಿ ಸಾವಿನ ಪಕ್ಕದಲ್ಲಿಯೂ ನಗುತ್ತಾರೆ.

ಬಾಲಕವಿ ತ್ರ್ಯಂಬಕ ಬಾಪೂಜಿ ಠೋಂಬರೆಯವರ ವಿಷಯದಲ್ಲಿ ಬರೆದ ಪುಟಗಳು ಈ ಭಾಗದ ಕಿರೀಟ. ಮರಾಠಿಯ ಆ ಅಪೂರ್ವ ಪ್ರಕೃತಿಕವಿ ಹುಡುಗನಾಗಿದ್ದಾಗ ಅಹಮದನಗರದಲ್ಲಿ ತಿಲಕರ ಮನೆಯಲ್ಲಿ ಮಗನಂತೆ ಬೆಳೆದನು. ಅವನು ಹಿಂದುವಾಗಿಯೇ ಬಂದನು, ಹಿಂದುವಾಗಿಯೇ ಉಳಿದನು. ಒಂದು ಕಾಲದಲ್ಲಿ ಗಂಡನೂ ಮುಟ್ಟಬಾರದ ನೀರನ್ನು ಬೇರೆ ಇಟ್ಟುಕೊಂಡಿದ್ದ ಹೆಣ್ಣುಮಗಳ ಅಡಿಗೆಮನೆಯಲ್ಲಿ ಈಗ ಯಾರ ಮಗ, ಯಾವ ಮತ ಎಂಬ ಪ್ರಶ್ನೆಯೇ ಏಳುವುದಿಲ್ಲ. ಮಿಶನರಿಗಳ ವಾರ್ಷಿಕ ವರದಿಯಲ್ಲಿ ಇಂಥ ಹುಡುಗನು ಯಾವ ಅಂಕಣಕ್ಕೂ ಸೇರಲಾರ. 1918ರ ಮೇ 5ರಂದು ಬಾಲಕವಿಯು ಭಾದಲೀ ನಿಲ್ದಾಣದ ಬಳಿ ರೈಲಿಗೆ ಸಿಕ್ಕು ಮಡಿದನು. ಮರುವರ್ಷ ಮೇ 9ರಂದು ತಿಲಕರು ಮುಂಬಯಿಯಲ್ಲಿ ತೀರಿಕೊಂಡರು. ತಿಲಕರು ಅದಕ್ಕೆ ಎರಡು ವರ್ಷಗಳ ಹಿಂದೆ, 1917ರಲ್ಲಿ, ಮಿಶನ್ನಿನ ಸಂಬಳವನ್ನು ಬಿಟ್ಟು ‘ದೇವಾಚಾ ದರಬಾರ’ವನ್ನು ಸ್ಥಾಪಿಸಿದ್ದರು. ಭಾರತೀಯ ರೀತಿಯ ಕ್ರೈಸ್ತಸಾಧನೆಗೆ ಅದು ಉದಾತ್ತ ಪ್ರಯತ್ನವೆಂದು ಎಲ್ಲರೂ ಹೊಗಳಿದ್ದಾರೆ. ಗಂಡ ಸಂಬಳ ಬಿಟ್ಟ ಮನೆಯಲ್ಲಿ ತಿಂಗಳ ಕೊನೆ ಹೇಗಿರುತ್ತದೆಂದು ಹೊಗಳಿದವರು ಬರೆಯಲಿಲ್ಲ.

ದುಃಖವನ್ನು ಕುರಿತ ಕ್ರೈಸ್ತ ಚಿಂತನೆಗೆ ಎರಡು ಮುಖಗಳಿವೆ. ಬೈಬಲಿನ ಯೋಬನ ಗ್ರಂಥದಲ್ಲಿ ಗೆಳೆಯರು ಬಂದು ದುಃಖಕ್ಕೆ ಕಾರಣ ಹೇಳುತ್ತಾರೆ. ಕೊನೆಯಲ್ಲಿ ದೇವರು ಮುನಿಯುವುದು ಆ ಕಾರಣ ಹೇಳಿದವರ ಮೇಲೆಯೇ. ಲಕ್ಷ್ಮೀಬಾಯಿ ಎಂದೂ ಕಾರಣ ಹೇಳುವವರ ಸಾಲಿಗೆ ಸೇರುವುದಿಲ್ಲ. ಇನ್ನೊಂದು ಮುಖ ಶಿಲುಬೆಯದು. ಕನ್ನಡದಲ್ಲಿ ಅದನ್ನು ಗಂಭೀರವಾಗಿ ಕಂಡ ಕಾವ್ಯ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’, 1937ರದು. ಅಲ್ಲಿ ಒಂದು ದಿನದ ಯಾತನೆಯು ಇಡೀ ಲೋಕವನ್ನು ತುಂಬಿಕೊಂಡು ನಿಲ್ಲುತ್ತದೆ. ಮಹಾಕವಿಗೆ ಅದು ತಕ್ಕುದು. ಆದರೆ ಬಹುಜನರ ಯಾತನೆಗೆ ಅಂಥ ಒಂದು ದಿನವಿಲ್ಲ. ಅದು ಹಿಟ್ಟು ತೀರಿದ ಮುಂಜಾವಿನಲ್ಲಿ, ಬಾರದ ಪತ್ರದಲ್ಲಿ, ಜ್ವರ ಬಂದ ಮಗುವಿನ ಹಣೆಯಲ್ಲಿ ಹಂಚಿಹೋಗಿರುತ್ತದೆ. ಹಾಗೆ ಹಂಚಿಹೋದ ಶಿಲುಬೆಯ ಕಾವ್ಯ ‘ಸ್ಮೃತಿಚಿತ್ರೇ’. ಪೈಗಳ ಕೃತಿಯನ್ನು ಓದಿದವರು ಇದನ್ನೂ ಓದಿದರೆ ಒಂದರ ಕೊರತೆ ಇನ್ನೊಂದರಿಂದ ತುಂಬೀತು.

ದೋಷಗಳಿಲ್ಲವೆಂದಲ್ಲ. ಕಾಲಕ್ರಮ ಅಲ್ಲಲ್ಲಿ ಸಡಿಲ. ಯಾವ ವರ್ಷದ ಮಾತೆಂದು ಓದುಗನೇ ಲೆಕ್ಕ ಹಾಕಬೇಕು. ಊರುಗಳೂ ಬಂಧುಗಳೂ ಗುಂಪುಗುಂಪಾಗಿ ಬಂದು ಹೋಗುತ್ತಾರೆ. ಕೊನೆಯ ಭಾಗದಲ್ಲಿ ಮೊದಲಿನ ಬಿಗಿ ಇಲ್ಲ. ತಿಲಕರಿಲ್ಲದ ಮನೆಯಲ್ಲಿ ಜಗಳವಿಲ್ಲ, ಜಗಳವಿಲ್ಲದ ಕಡೆ ಈ ಲೇಖನಿಗೆ ಉತ್ಸಾಹ ಕಡಿಮೆ. ಇವು ಸಣ್ಣ ಮಾತುಗಳು. ದೊಡ್ಡ ಕೊರತೆ ಬೇರೊಂದಿದೆ. ಅಹಮದನಗರದ ಕ್ರೈಸ್ತಸಭೆಯ ಬಹುಸಂಖ್ಯರು ಮಹಾರ, ಮಾಂಗ ಸಮುದಾಯಗಳಿಂದ ಬಂದವರು. ನೀರಿನ ಕೊಡದ ಮಾತು ಅವರ ಪಾಲಿಗೆ ಮನಸ್ಸಿನಲ್ಲಿ ಮೂಡಿದ ವಿಚಾರವಾಗಿರಲಿಲ್ಲ; ಬಾವಿಯ ಕಟ್ಟೆಯಿಂದ ದೂರ ನಿಂತ ದಿನನಿತ್ಯದ ಅನುಭವವಾಗಿತ್ತು. ಲಕ್ಷ್ಮೀಬಾಯಿ ಅವರ ನಡುವೆ ಬಾಳಿದರು, ಅವರ ಕೈಯಲ್ಲಿ ಉಂಡರು, ಅವರನ್ನು ಪ್ರೀತಿಸಿದರು. ಆದರೆ ಈ ಬ್ರಾಹ್ಮಣ ಹೆಣ್ಣುಮಗಳು ತಮ್ಮ ನೀರನ್ನು ಕುಡಿದ ದಿನ ಅವರಿಗೆ ಏನೆನಿಸಿತು? ಅದನ್ನು ಅವರ ಬಾಯಿಂದ ಕೇಳುವ ಪುಟಗಳು ಇಲ್ಲಿ ಸಾಲದಷ್ಟಿವೆ. ಆತ್ಮಕಥೆ ಬರೆದವರಿಂದ ಪರರ ಆತ್ಮಕಥೆಯನ್ನು ಬೇಡುವುದು ಅತಿಯಾಯಿತೆಂದು ಯಾರಾದರೂ ಹೇಳಬಹುದು. ಗಂಡನ ಮನಸ್ಸನ್ನು ಇಷ್ಟು ಆಳವಾಗಿ ಹೊಕ್ಕು ನೋಡಬಲ್ಲವರಿಂದ ಅಷ್ಟನ್ನು ಬೇಡಿದರೆ ತಪ್ಪಲ್ಲವೆಂದು ನನ್ನ ಮತ.

ಇವರ ಶೈಲಿಯ ಮೂಲವೆಲ್ಲಿ? ಶಾಲೆಯಲ್ಲಂತೂ ಅಲ್ಲ. ಓದುಬರಹವನ್ನು ಗಂಡನಿಂದ ಅಷ್ಟಿಷ್ಟು ಕಲಿತ ಈಕೆಯ ಗದ್ಯಕ್ಕೆ ಬೀಸುಕಲ್ಲಿನ ಲಯವಿದೆಯೆಂದು ನನಗೆ ಅನಿಸುತ್ತದೆ. ಮಹಾರಾಷ್ಟ್ರದ ಹೆಂಗಸರು ಬೀಸುವಾಗ ಓವಿಗಳನ್ನು ಹಾಡುತ್ತಾರೆ, ನಮ್ಮವರು ತ್ರಿಪದಿಗಳನ್ನು. ಭೀಮೆಯ ಈಚೆಗೂ ಆಚೆಗೂ ಕಲ್ಲಿನ ಸದ್ದು ಒಂದೇ. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ಗಳನ್ನು 1931ರಲ್ಲಿ ಅಚ್ಚಿಗೆ ತಂದಾಗ ನಮ್ಮ ಪಂಡಿತರು ಬೆರಗಾದರು; ಅಕ್ಷರವಿಲ್ಲದ ಬಾಯಲ್ಲಿ ಇಷ್ಟು ಕಾವ್ಯವೇ ಎಂದು. ಮೂರು ವರ್ಷಗಳ ಬಳಿಕ ಅದೇ ಬೆರಗು ಮರಾಠಿಗೆ ‘ಸ್ಮೃತಿಚಿತ್ರೇ’ಯಿಂದ ಒದಗಿತು. ಗರತಿಯು ತನ್ನ ಅತ್ತೆಯನ್ನು, ಗಂಡನನ್ನು, ದೇವರನ್ನು ಒಂದೇ ಉಸಿರಿನಲ್ಲಿ ಆಡಿಕೊಂಡು, ಅದೇ ಉಸಿರಿನಲ್ಲಿ ಹರಸುವಂತೆ ಇವರೂ ಬರೆಯುತ್ತಾರೆ. ಒಂದು ಸಾಲಿನಲ್ಲಿ ತಿಲಕರನ್ನು ಬಯ್ದು ಮುಗಿಸುವಷ್ಟರಲ್ಲಿ ಮುಂದಿನ ಸಾಲು ಅವರ ಎಲೆಗೆ ಅನ್ನ ಬಡಿಸಿರುತ್ತದೆ.

ತಿಲಕರು ಕ್ರಿಸ್ತನ ಚರಿತ್ರೆಯನ್ನು ‘ಖ್ರಿಸ್ತಾಯನ’ವೆಂಬ ಮಹಾಕಾವ್ಯವಾಗಿ ರಚಿಸಲು ತೊಡಗಿ, ಆರಂಭದ ಕೆಲವು ಅಧ್ಯಾಯಗಳನ್ನು ಮಾತ್ರ ಬರೆದು ತೀರಿಕೊಂಡರು. ತುಕಾರಾಮರ ಸೇತುವೆಯ ಮೇಲಿಂದ ತಾವು ಕ್ರಿಸ್ತನ ಬಳಿಗೆ ಬಂದೆವೆಂದು ಹೇಳುತ್ತಿದ್ದ ಕವಿಗೆ ಆ ಕಾವ್ಯವು ಜೀವಮಾನದ ಹಂಬಲವಾಗಿತ್ತು. ಅವರು ಬಿಟ್ಟಲ್ಲಿಂದ ಎತ್ತಿಕೊಂಡು, ಅರವತ್ತಕ್ಕೂ ಮಿಕ್ಕಿದ ಅಧ್ಯಾಯಗಳನ್ನು ಬರೆದು ಅದನ್ನು ಪೂರ್ಣಗೊಳಿಸಿದವರು ಲಕ್ಷ್ಮೀಬಾಯಿ. ಕಾವ್ಯದೃಷ್ಟಿಯಿಂದ ಆ ಅಧ್ಯಾಯಗಳಲ್ಲಿ ತಿಲಕರ ಪದಲಾಲಿತ್ಯವಿಲ್ಲ. ಆದರೆ ಹೇಳುವ ಸರಾಗತೆ ಇದೆ, ಮನೆಯ ಹಿರಿಯಳು ಕಥೆ ಹೇಳುವ ನಿಧಾನವಿದೆ. ಅವರ ಕವಿತೆಗಳ ಸಂಗ್ರಹಕ್ಕೆ ‘ಭರಲೀ ಘಾಗರ’ ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ‘ತುಂಬಿತು ಕೊಡ’. ಅಹಮದನಗರದ ಮನೆಯ ಮೂಲೆಯಲ್ಲಿ ಯಾರೂ ಮುಟ್ಟಬಾರದೆಂದು ಬೇರೆ ಇಟ್ಟಿದ್ದ ಕೊಡವನ್ನು ಬಲ್ಲವರಿಗೆ ಆ ಹೆಸರಿನ ಭಾರ ತಿಳಿಯುತ್ತದೆ. ಗಂಡ ಅರ್ಧಕ್ಕೆ ಬಿಟ್ಟ ಎಷ್ಟೋ ಕೆಲಸಗಳನ್ನು, ಅರ್ಧಕ್ಕೆ ಬಿಟ್ಟ ಊಟವನ್ನು ಮುಚ್ಚಿಡುವಂತೆ, ಮುಗಿಸಿಟ್ಟ ಕೈ ಅದು. ಈ ಕಾವ್ಯವೂ ಆ ಕೆಲಸಗಳಲ್ಲಿ ಒಂದು.